ಗಾಳದ ಕಲೆಕ್ಟರರೂ ಕುರ್ಲಾದ ಹೊಳೆಯೂ

ಗಾಳ ಹಾಕಿ ಮೀನು ಹಿಡಿಯುವುದರಲ್ಲಿ ಹೆಸರು ಮಾಡಿದ ಇಂಗ್ಲಿಷ್ ಸಾಹೇಬರೊಬ್ಬರಿಗೂ ಕುರ್ಲಾದ ಚಾಳುಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೂ ಏನು ನಂಟು ಎಂದು ಕೆಲವರು ಹುಬ್ಬೇರಿಸಬಹುದು. ಯಕ್ಷಗಾನ, ಗಡಿವಿವಾದ, ಕನ್ನಡ ಶಾಲೆಗಳ ಅವಸ್ಥೆ, ಇವಿಷ್ಟೇ ಸಂಘದ ಮಾಸಿಕದ ಪುಟಗಳಿಗೆ ತಕ್ಕ ವಿಷಯಗಳೆಂದು ತಿಳಿದ ಮಹನೀಯರು ನಮ್ಮಲ್ಲಿ ಧಾರಾಳವಾಗಿದ್ದಾರೆ. ಅವರೊಡನೆ ನಮಗೆ ಜಗಳವಿದೆ. ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಆ ಸಾಹೇಬರು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರರಾಗಿದ್ದವರು. ಹೊಳೆಗೆ ವಿಷ ಹಾಕುವವನನ್ನು ತಡೆಯುವವರು ಯಾರು ಎಂದು ಅವರು ನಮ್ಮ ಜಿಲ್ಲೆಯಲ್ಲಿ ಎತ್ತಿದ ಪ್ರಶ್ನೆ ಇಂದು ಕುರ್ಲಾದ ಸೇತುವೆಗಳ ಕೆಳಗೆ ಕಪ್ಪಗೆ ಹರಿಯುತ್ತಿದೆ. ಇದಕ್ಕಿಂತ ಹತ್ತಿರದ ನಂಟು ಇನ್ನಾವುದು ಬೇಕು?

ಕುರ್ಲಾ ಎಂಬ ಹೆಸರು ಬಂದದ್ದೇ ಕುರ್ಲಿಯಿಂದ, ಅಂದರೆ ಏಡಿಯಿಂದ, ಎಂದು ಹಿರಿಯರು ಹೇಳುವುದುಂಟು. ಇಲ್ಲಿಯ ಜೌಗಿನಲ್ಲಿ ಏಡಿಗಳು ಅಷ್ಟು ಸಮೃದ್ಧಿಯಾಗಿದ್ದುವಂತೆ. ಇದೇ ಕುರ್ಲಾದ ಟರ್ಮಿನಸ್ಸಿನಿಂದ ಮಂಗಳೂರಿಗೆ ಹೊರಡುವ ರೈಲಿಗೆ ೧೯೯೮ರಲ್ಲಿ ಮತ್ಸ್ಯಗಂಧ ಎಂದು ಹೆಸರಿಟ್ಟರು. ಕೇರಳದವರೆಗೆ ಹೋಗುವ ಇನ್ನೊಂದಕ್ಕೆ ನೇತ್ರಾವತಿ ಎಂದು ಹೆಸರು. ಏಡಿಯ ಊರಿನಿಂದ ಮೀನಿನ ಹೆಸರಿನ ಗಾಡಿ ಹತ್ತಿ, ಹೊಳೆಯ ಹೆಸರಿನ ಗಾಡಿಯಲ್ಲಿ ಮರಳುವ ಜನ ನಾವು. ಹೆಸರುಗಳಿಗೇನೂ ಬರಗಾಲವಿಲ್ಲ. ಏಡಿಯೂ ಮೀನೂ ಹೊಳೆಯೂ ಏನಾದವು ಎಂದು ಕೇಳುವವರಿಗೆ ಮಾತ್ರ ಬರಗಾಲ.

ಥಾಮಸರು ಮದ್ರಾಸ್ ಸಿವಿಲ್ ಸರ್ವಿಸಿಗೆ ಸೇರಿದವರು. ಒಂದೇ ಆಗಿದ್ದ ಕನ್ನಡ ಜಿಲ್ಲೆಯನ್ನು ಒಡೆದು, ೧೮೬೨ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣದ ಭಾಗ, ಕಾಸರಗೋಡೂ ಸೇರಿದಂತೆ, ಮದ್ರಾಸಿಗೇ ಉಳಿಯಿತು. ಆ ಮದ್ರಾಸಿನ ಅಧಿಕಾರಿಯಾಗಿ ಥಾಮಸರು ಮಂಗಳೂರಿಗೆ ಬಂದರು. ೧೮೭೦ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಅವರದೊಂದು ವರದಿ ಪ್ರಕಟವಾಯಿತು. ಮೂರು ವರ್ಷಗಳ ನಂತರ, ೧೮೭೩ರಲ್ಲಿ, ಅವರಿಗೆ ಕೀರ್ತಿ ತಂದ ‘ದಿ ರಾಡ್ ಇನ್ ಇಂಡಿಯಾ’ ಹೊರಬಂತು. ಅದು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ! ೧೮೪೩ರ ‘ಮಂಗಳೂರ ಸಮಾಚಾರ’ದಿಂದ ೧೮೯೪ರ ಕಿಟ್ಟೆಲರ ನಿಘಂಟಿನವರೆಗೆ ಮಿಷನ್ನಿನವರ ಕನ್ನಡ ಸೇವೆಯನ್ನು ನಾವು ಪ್ರತಿ ನವೆಂಬರಿನ ಭಾಷಣದಲ್ಲೂ ನೆನೆಯುತ್ತೇವೆ. ಅದೇ ಮನೆಯಿಂದ ಹೊರಟು, ನಂತರ ಇಂಗ್ಲೆಂಡಿನಲ್ಲಿ ಮರುಮುದ್ರಣಗಳನ್ನು ಕಂಡು, ಇಡೀ ಭಾರತದ ಗಾಳಗಾರರಿಗೆ ಕೈಪಿಡಿಯಾದ ಈ ಪುಸ್ತಕದ ಹೆಸರನ್ನು ಯಾವ ಭಾಷಣದಲ್ಲೂ ನಾವು ಕೇಳಿಲ್ಲ.

ಪುಸ್ತಕದಲ್ಲಿರುವುದೇನು? ಮೇಲ್ನೋಟಕ್ಕೆ ಸಾಹೇಬರ ಶೋಕಿ. ಬಿದಿರ ಕೋಲು, ಸುತ್ತುವ ರಾಟೆ, ರೇಷ್ಮೆ ದಾರ, ಹೊಳೆಯುವ ಲೋಹದ ಚಮಚ. ಇವುಗಳಲ್ಲೆಲ್ಲ ನಾಜೂಕಾದದ್ದು ನೊಣದ ಗಾಳ. ಹಕ್ಕಿಯ ಗರಿಯನ್ನೂ ನೂಲನ್ನೂ ಕೊಕ್ಕೆಗೆ ಸುತ್ತಿ, ನೊಣವೋ ಚಿಟ್ಟೆಯೋ ನೀರಿಗೆ ಬಿದ್ದಂತೆ ಮೀನಿಗೆ ತೋರಬೇಕು. ಎರೆಹುಳವಿಲ್ಲ, ಹಿಟ್ಟಿಲ್ಲ, ಬರೀ ಕೈಚಳಕ. (ಇಂಗ್ಲೆಂಡಿನ ಸಾಲ್ಮನ್ ನೊಣಗಳಿಗೆ ಬಹುಕಾಲ ಮೆರುಗು ಕೊಟ್ಟದ್ದು ನಮ್ಮ ಘಟ್ಟದ ಕಾಡುಕೋಳಿಯ ಕತ್ತಿನ ಗರಿ ಎಂಬುದನ್ನು ಇಲ್ಲಿ ಹೇಳದಿರಲಾರೆವು. ಇತ್ತ ನಮ್ಮ ಕಾವೇರಿಯ ದೊಡ್ಡ ಮೀನುಗಳಾದರೋ ಸಾಹೇಬರ ನೊಣವನ್ನು ಬಿಟ್ಟು ರಾಗಿಮುದ್ದೆಗೆ ಬಾಯಿ ಹಾಕುವುದೇ ಹೆಚ್ಚು!) ನಮ್ಮ ಹೊಳೆಗಳ ಮಾಹ್ಸೀರ್, ಅಂದರೆ ದೇವಸ್ಥಾನಗಳ ಕಟ್ಟೆಯಲ್ಲಿ ನಾವು ಅಕ್ಕಿ ಹಾಕುವ ದೇವರ ಮೀನು, ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸಾಲ್ಮನ್ನಿಗಿಂತ ಬಲಿಷ್ಠ ಎದುರಾಳಿ ಎಂದು ಥಾಮಸರು ಸಾರಿದರು. ಆ ಮಾತಿನಿಂದಲೇ ಎಷ್ಟೋ ದೊರೆಗಳು ರಜೆ ಹಾಕಿ ನಮ್ಮ ಹೊಳೆದಂಡೆಗಳಿಗೆ ಓಡಿಬಂದರು. ೧೮೮೭ರಲ್ಲಿ ಕೆರೆಗಳ ಗಾಳಗಾರಿಕೆಯ ಮೇಲೂ ಅವರು ಬೇರೊಂದು ಪುಸ್ತಕ ಬರೆದರು. ಮೀನುಗಳ ಮಹಾವಿದ್ವಾಂಸ ಫ್ರಾನ್ಸಿಸ್ ಡೇ ೧೮೭೪ರಲ್ಲಿ ನಮ್ಮ ಜಿಲ್ಲೆಯ ಒಂದು ಕೆಂಬಣ್ಣದ ಮೀನಿಗೆ ಥಾಮಸರ ಹೆಸರನ್ನೇ ಇಟ್ಟರು. ಆ ಮೀನು ಇಂದು ಅಳಿವಿನ ಅಂಚಿನಲ್ಲಿರುವವುಗಳ ಪಟ್ಟಿಯಲ್ಲಿದೆ.

ಇಷ್ಟು ಹೇಳಿ ಕೈಮುಗಿದರೆ ಅದು ಸಾಹೇಬರ ಸ್ತುತಿಪಾಠವಾದೀತು, ನಮಗದು ಬೇಕಿಲ್ಲ. ಥಾಮಸರನ್ನು ಕುರಿತು ಎರಡು ಗುಂಪಿನವರು ಮಾತಾಡುತ್ತಾರೆ, ಇಬ್ಬರೂ ನಮಗೆ ಒಪ್ಪಿಗೆಯಲ್ಲ. ಮೊದಲನೆಯವರು ಗಾಳದ ಹವ್ಯಾಸಿಗಳು. ಅವರಿಗೆ ಥಾಮಸರೆಂದರೆ ಕೋಲು, ದಾರ, ಹಿಡಿದ ಮೀನಿನ ತೂಕ. ಹೀಗೆ ತೂಕದ ಭಜನೆ ಮಾಡುವುದಾದರೆ ಮೈಸೂರಿನ ಡಿ ವೆಟ್ ವಾನ್ ಇಂಗನ್ ಅವರನ್ನು ನೆನೆಯಬಹುದು. ಬೇಟೆಯ ಪ್ರಾಣಿಗಳಿಗೆ ಹೊಟ್ಟು ತುಂಬಿ ಜೀವಕಳೆ ಕೊಡುತ್ತಿದ್ದ ಆ ಪ್ರಸಿದ್ಧ ಮನೆತನದ ಅವರು ೧೯೪೬ರಲ್ಲಿ ಕಬಿನಿಯಲ್ಲಿ ೧೨೦ ಪೌಂಡಿನ ಮಾಹ್ಸೀರ್ ಹಿಡಿದರು. ದೊಡ್ಡ ಸಾಧನೆಯೇ ಸರಿ. ಆದರೆ ಥಾಮಸರ ದೊಡ್ಡತನ ತಕ್ಕಡಿಯಲ್ಲಿಲ್ಲ.

ಎರಡನೆಯವರು ನಮ್ಮ ಸ್ವಾಭಿಮಾನಿ ಮಿತ್ರರು. ಬಿಳಿಯ ಅಧಿಕಾರಿಗೆ ತನ್ನ ಮೋಜಿಗೆ ಮೀನು ಉಳಿಯಬೇಕಿತ್ತು, ಅದಕ್ಕಾಗಿ ಬಡ ಬೆಸ್ತನ ಬಲೆ ಹರಿದ, ಎನ್ನುತ್ತಾರೆ ಇವರು. ಮೀನನ್ನು ಕಾಯುವುದನ್ನು ನಮಗೆ ಇಂಗ್ಲಿಷರು ಕಲಿಸಬೇಕಿತ್ತೇ? ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳನ್ನು ಕಾಯುತ್ತ ಬಂದದ್ದು ಯಾರು? ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬೆಸ್ತನ ಹೊಟ್ಟೆಗೂ ಸಾಹೇಬನ ಮೋಜಿಗೂ ವ್ಯಾಜ್ಯ ಬಂದಾಗ ಆ ಕಾಲದ ಅಧಿಕಾರಿವರ್ಗ ಯಾವ ಕಡೆ ವಾಲಿತೆಂಬುದನ್ನು ಊಹಿಸಲು ಪಂಡಿತರೇ ಬೇಕಿಲ್ಲ. ಆದರೂ ಈ ಮಿತ್ರರು ಒಂದು ವಿಚಾರವನ್ನು ಜಾಣತನದಿಂದ ಪಕ್ಕಕ್ಕಿಡುತ್ತಾರೆ. ದೇವಸ್ಥಾನದ ರಕ್ಷಣೆ ಒಂದು ಮಡುವಿನದು, ಒಂದು ಕಟ್ಟೆಯದು. ಮೆಟ್ಟಿಲಿನಿಂದ ಅರ್ಧ ಮೈಲಿ ಆಚೆ ಈಜಿದ ಮೀನಿಗೆ ದೇವರ ಆಣೆ ಇಲ್ಲ. ಅಷ್ಟೇಕೆ, ೧೯೯೬ರಲ್ಲಿ ಶಿಶಿಲದ ದೇವರ ಮೀನುಗಳಿಗೇ ದುಷ್ಕರ್ಮಿಗಳು ವಿಷವಿಕ್ಕಿದರು. ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ. ಭಕ್ತಿ ಕಾಯಬಲ್ಲುದು, ಆದರೆ ಭಕ್ತಿಯೊಂದೇ ಸಾಲದು ಎಂಬುದಕ್ಕೆ ಆ ಕಲ್ಲಿಗಿಂತ ಬೇರೆ ಸಾಕ್ಷಿ ಬೇಡ.

ಥಾಮಸರು ಕೇಳಿದ್ದು ಮಡುವಿನ ಪ್ರಶ್ನೆಯನ್ನಲ್ಲ, ಇಡೀ ಹೊಳೆಯ ಪ್ರಶ್ನೆಯನ್ನು. ಗಾಳದ ಪುಸ್ತಕದ ಶೀರ್ಷಿಕೆಯಲ್ಲೇ ಮೀನಿನ ಸಾಕಣೆಯನ್ನೂ ಬೆಲೆಯನ್ನೂ ಅವರು ಸೇರಿಸಿದ್ದರು. ಬೆಲೆ ಎಂದರೆ ಬರೀ ಮಾರುಕಟ್ಟೆಯ ದರವಲ್ಲ, ಜನರ ಆಹಾರವಾಗಿ ಮೀನಿಗಿರುವ ಬೆಲೆ. ಬೇಸಗೆಯಲ್ಲಿ ಹೊಳೆ ಬತ್ತಿ ಮಡುಗಳಾದಾಗ ಕಾರೆಕಾಯಿ ಮೊದಲಾದ ನಂಜು ಕಾಯಿಗಳನ್ನು ಜಜ್ಜಿ ನೀರಿಗೆ ಹಾಕಿ ದೊಡ್ಡದು ಸಣ್ಣದು ಎನ್ನದೆ ಎಲ್ಲವನ್ನೂ ಬಳಿಯುವ ಪದ್ಧತಿ ನಮ್ಮ ಊರುಗಳಲ್ಲಿತ್ತು. ಸೊಳ್ಳೆಪರದೆಯಂಥ ಬಲೆಯಲ್ಲಿ ಮರಿಗಳನ್ನು ಬಾಚಿ ಸೇರಿನ ಲೆಕ್ಕದಲ್ಲಿ ಮಾರುವುದೂ ಇತ್ತು. ಇದು ಬಿತ್ತನೆಯ ಬೀಜವನ್ನೇ ಹುರಿದು ತಿಂದಂತೆ. ನಾಳೆ ಹಸಿವು ಬೆಸ್ತನಿಗೇ, ಎಂಬುದು ಅವರ ವಾದದ ತಿರುಳು. ಸಾಹೇಬನ ಬಾಯಲ್ಲಿ ಬಂತೆಂದ ಮಾತ್ರಕ್ಕೆ ಈ ಮಾತು ಸುಳ್ಳಾಗುವುದೇ?

ಥಾಮಸ್, ಡೇ ಮೊದಲಾದವರು ಕಾಲು ಶತಮಾನ ಹೊಯ್ದಾಡಿದ ಮೇಲೆ ಸರಕಾರ ೧೮೯೭ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆಯನ್ನು ತಂದಿತು. ನಮ್ಮ ಜಗಳದ ಮುಖ್ಯ ಗಂಟು ಇಲ್ಲಿದೆ. ಓದುಗರು ಸ್ವಲ್ಪ ತಾಳ್ಮೆಯಿಂದ ಗಮನಿಸಬೇಕು. ಆ ಕಾಯಿದೆ ನೀರಿಗೆ ತೋಟೆ ಹಾಕುವುದನ್ನೂ ವಿಷ ಹಾಕುವುದನ್ನೂ ಅಪರಾಧವೆಂದು ಸಾರಿತು. ಶಿಕ್ಷೆ ಎರಡು ತಿಂಗಳವರೆಗೆ ಸೆರೆ ಅಥವಾ ೨೦೦ ರೂಪಾಯಿಯವರೆಗೆ ದಂಡ. ಆ ಕಾಲಕ್ಕೆ ಇದು ಸಣ್ಣ ಮೊತ್ತವಲ್ಲ. ಆದರೆ ಅಪರಾಧವಾಗಬೇಕಾದರೆ ಮೀನು ಹಿಡಿಯುವ ಅಥವಾ ಕೊಲ್ಲುವ ‘ಉದ್ದೇಶ’ ಇರಬೇಕೆಂದು ಕಾಯಿದೆ ಬರೆದವರು ಒಂದು ಮಾತು ಸೇರಿಸಿದರು.

ಆ ಒಂದು ಮಾತಿನ ಮಹಿಮೆ ನೋಡಿ! ಹಸಿದ ಸಂಸಾರಕ್ಕೆ ಒಂದು ಹೊತ್ತಿನ ಸಾರಿಗೆಂದು ಮಡುವಿಗೆ ಕಾರೆಕಾಯಿ ಹಾಕಿದವನಿಗೆ ಉದ್ದೇಶವಿತ್ತು, ಅವನು ಅಪರಾಧಿ. ಕಾರ್ಖಾನೆಯ ಬಣ್ಣ, ಆಮ್ಲ, ಎಣ್ಣೆಗಳನ್ನು ಹೊಳೆಗೆ ಬಿಟ್ಟು ಹತ್ತು ಮೈಲಿ ಉದ್ದಕ್ಕೆ ಮೀನಿನ ಸಂತಾನವನ್ನೇ ಅಳಿಸಿದವನಿಗೆ ಮೀನಿನ ಯೋಚನೆಯೇ ಇರಲಿಲ್ಲ, ಅವನು ನಿರಪರಾಧಿ. ಊರಿನ ಕೊಳಚೆಯನ್ನೆಲ್ಲ ನದಿಗೆ ತಿರುಗಿಸಿದ ನಗರಸಭೆಗೂ ಯಾವ ದುರುದ್ದೇಶವೂ ಇರಲಿಲ್ಲ. ಕೊಲ್ಲಬೇಕೆಂದು ಕೊಂದವನಿಗೆ ಸೆರೆ, ಗಮನಿಸದೆಯೇ ಕೊಂದವನಿಗೆ ಸಲಾಮು. ಥಾಮಸರು ಎತ್ತಿದ ಪ್ರಶ್ನೆ ದೊಡ್ಡದಾಗಿತ್ತು, ಸರಕಾರ ಕೊಟ್ಟ ಉತ್ತರ ಸಣ್ಣದಾಯಿತು. ಅವರ ಕಣ್ಣೆದುರಿಗೆ ಇದ್ದದ್ದು ಕಾಡಿನ ಕಾಯಿಯೂ ಸಣ್ಣ ಕಣ್ಣಿನ ಬಲೆಯೂ ಮಾತ್ರ. ಗಿರಣಿಗಳ ಚಿಮಣಿ ಎದ್ದದ್ದು ಮಂಗಳೂರಿನಲ್ಲಲ್ಲ, ಮುಂಬಯಿಯಲ್ಲಿ. ಕುರ್ಲಾದಲ್ಲೇ ಟಾಟಾರವರು ೧೮೮೬ರಲ್ಲಿ ಗಿರಣಿಯೊಂದನ್ನು ಕೊಂಡು ಸ್ವದೇಶಿ ಮಿಲ್ಲನ್ನು ಕಟ್ಟಿದರಷ್ಟೆ. ಕಾರ್ಖಾನೆಯ ವಿಷವನ್ನೂ ಕೊಳಚೆಯನ್ನೂ ಹಿಡಿಯುವ ಕಾಯಿದೆಗೆ ಇಲ್ಲಿಯ ಜನ ಬಹಳ ಕಾಲ ಕಾಯಬೇಕಾಯಿತು. ಮಹಾರಾಷ್ಟ್ರ ೧೯೬೯ರಲ್ಲಿ ತನ್ನದೊಂದನ್ನು ಮಾಡಿತು, ಮರುವರ್ಷ ಮಾಲಿನ್ಯ ಮಂಡಳಿ ಬಂತು, ಕೇಂದ್ರದ ಜಲ ಕಾಯಿದೆ ೧೯೭೪ರದು. ಅಷ್ಟರಲ್ಲಿ ಮೀಠಿ ನದಿಯ ಕಥೆ ಮುಗಿಯುತ್ತ ಬಂದಿತ್ತು.

ಮೀಠಿ! ಹೆಸರಿನ ಅರ್ಥ ಸಿಹಿ. ಇದು ಹೊಳೆಯೋ ಗಟಾರವೋ ಎಂದು ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೇ ಕೇಳುತ್ತಾರೆ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯ ನೀರೇ ಇದರ ಮೂಲ. ಅಲ್ಲಿಂದ ಸಾಕಿನಾಕಾ, ವಿಮಾನ ನಿಲ್ದಾಣ, ಕುರ್ಲಾ, ಕಲೀನಾ, ಧಾರಾವಿಗಳನ್ನು ಹಾದು ಸುಮಾರು ೧೮ ಕಿಲೋಮೀಟರು ಹರಿದು ಮಾಹಿಮಿನಲ್ಲಿ ಸಮುದ್ರ ಸೇರುತ್ತದೆ. ಮುಂಬಯಿಗೆ ಕುಡಿಯುವ ನೀರಿಗಾಗಿ ೧೮೬೦ರಲ್ಲಿ ವಿಹಾರದ ಕಟ್ಟೆ ಕಟ್ಟಿದ್ದು ಇದೇ ನದಿಗೆ. ನಗರಕ್ಕೆ ಮೊದಲು ನಲ್ಲಿ ನೀರು ಕೊಟ್ಟ ಹೊಳೆಗೆ ನಗರ ಮರಳಿ ಕೊಟ್ಟದ್ದೇನು ಎಂಬುದನ್ನು ಕುರ್ಲಾದ ಯಾವ ಸೇತುವೆಯ ಮೇಲೆ ನಿಂತರೂ ಮೂಗೇ ಹೇಳುತ್ತದೆ. ಪವಾಯಿಯ ದಂಡೆಯಲ್ಲಿ ಮಹಾರಾಷ್ಟ್ರದ ಗಾಳಗಾರರ ಸಂಘದ ಕಟ್ಟಡವಿದೆ. ಸದಸ್ಯರು ಈಗಲೂ ಅಲ್ಲಿ ಗಾಳ ಹಾಕುತ್ತಾರೆ. ಅದೇ ಕೆರೆಯ ನೀರು ಕೆಲವೇ ಮೈಲಿ ಹರಿದು ಕುರ್ಲಾಕ್ಕೆ ಬರುವಷ್ಟರಲ್ಲಿ ಗಾಳದ ಮಾತು ಹಾಗಿರಲಿ, ಕಾಲಿಡಲೂ ಯೋಗ್ಯವಾಗಿರುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೧೮ರಲ್ಲಿ ದೇಶದ ೩೫೧ ಕಲುಷಿತ ನದೀಭಾಗಗಳನ್ನು ಗುರುತಿಸಿದಾಗ ಪವಾಯಿಯಿಂದ ಧಾರಾವಿಯವರೆಗಿನ ಮೀಠಿ ಅತಿ ಕೆಟ್ಟವುಗಳ ಸಾಲಿನಲ್ಲಿತ್ತು. ನೀರಿನ ಕೊಳೆ ತಾನು ಕರಗಲು ಎಷ್ಟು ಆಮ್ಲಜನಕವನ್ನು ನುಂಗುತ್ತದೆ ಎಂಬುದಕ್ಕೊಂದು ಅಳತೆ ಇದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ ೩ ಮಿಲಿಗ್ರಾಮು ಮೀರಬಾರದು. ಮೀಠಿಯಲ್ಲಿ ೨೫೦ ಇತ್ತು. ಮೀನು ಉಸಿರಾಡಬೇಕಾದ ಗಾಳಿಯನ್ನು ಕೊಳೆಯೇ ತಿಂದುಹಾಕಿದರೆ ಅಲ್ಲಿ ಮೀನಿಗೆ ಬೇರೆ ವಿಷ ಏತಕ್ಕೆ?

ತಪ್ಪು ಯಾರದು ಎಂದು ಕೇಳಿದರೆ ದಂಡೆಯ ಜೋಪಡಿಗಳತ್ತ ಬೆರಳು ತೋರುವುದು ನಮ್ಮ ಮಧ್ಯಮ ವರ್ಗದ ಹಳೆಯ ಚಾಳಿ. ಇದು ೧೮೯೭ರ ಬುದ್ಧಿಯೇ. ಕಾರೆಕಾಯಿಯವನನ್ನು ಹಿಡಿ, ಉಳಿದವರನ್ನು ಬಿಡು! ಎಣ್ಣೆ ಡ್ರಮ್ಮು ತೊಳೆಯುವ, ಗುಜರಿ ಸುಡುವ, ಬಣ್ಣ ಅದ್ದುವ ಸಣ್ಣ ಗಾಲೆಗಳು ವಿಷ ಬಿಡುವುದು ನಿಜ, ಅವುಗಳ ಮೇಲೆ ಆಗಾಗ ದಾಳಿಯಾಗುವುದೂ ನಿಜ. ಆದರೆ ನದಿಯ ಕೊಳೆಯಲ್ಲಿ ದೊಡ್ಡ ಪಾಲು ಸಂಸ್ಕರಿಸದ ಮನೆಬಳಕೆಯ ಮೋರಿ ನೀರು. ಅದಕ್ಕೆ ಚರಂಡಿ ಕೊಳವೆ ಹಾಕಬೇಕಾದವರು ಯಾರು, ಶುದ್ಧೀಕರಣ ಘಟಕ ಕಟ್ಟಬೇಕಾದವರು ಯಾರು? ನದಿಯ ಪಾತ್ರವನ್ನು ಒತ್ತಿ ಓಡುದಾರಿ ಬೆಳೆಸಿದವರು, ಜೌಗು ತುಂಬಿಸಿ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಗೋಪುರಗಳನ್ನೆತ್ತಿದವರು ಜೋಪಡಿಯವರೇ? ಹಾಗೆಯೇ, ಸ್ವಜನರು ಬೇಸರಿಸಬಾರದು, ನಮ್ಮವರ ಹೋಟೆಲುಗಳ ಜಿಡ್ಡು ನೀರು ಯಾವ ಮೋರಿ ಸೇರಿ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಬಗ್ಗಿ ನೋಡುವುದೂ ಒಳ್ಳೆಯದು.

ಹೊಳೆ ಸೇಡು ತೀರಿಸಿಕೊಂಡದ್ದು ೨೦೦೫ರ ಜುಲೈ ೨೬ರಂದು. ಸಾಂತಾಕ್ರೂಸಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆ. ಉಸಿರುಗಟ್ಟಿದ ಮೀಠಿ ಕುರ್ಲಾದ ಮನೆಗಳಿಗೆ ನುಗ್ಗಿತು. ಆಗ ಎಲ್ಲರಿಗೂ ಮುಂಬಯಿಯಲ್ಲಿ ನದಿಯೊಂದಿದೆ ಎಂದು ಜ್ಞಾನೋದಯವಾಯಿತು; ಒಂದು ಪ್ರಾಧಿಕಾರ ಹುಟ್ಟಿತು; ಹೂಳೆತ್ತುವ ಗುತ್ತಿಗೆಗಳು ಹುಟ್ಟಿದವು. ಇಪ್ಪತ್ತು ವರ್ಷ ಕಳೆದು, ೨೦೨೫ರ ಮೇ ತಿಂಗಳಲ್ಲಿ, ಅದೇ ಹೂಳೆತ್ತುವ ಕೆಲಸದಲ್ಲಿ ಸುಮಾರು ೬೫ ಕೋಟಿ ರೂಪಾಯಿಗಳ ಮೋಸವಾಗಿದೆ ಎಂಬ ಆರೋಪದ ಮೇಲೆ ಮುಂಬಯಿ ಪೋಲೀಸರು ಪ್ರಕರಣ ದಾಖಲಿಸಿದರು. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ಹೇಳಲಿ. ಅದೇ ವರ್ಷದ ಆಗಸ್ಟಿನಲ್ಲಿ ಮೀಠಿ ಮತ್ತೆ ಉಕ್ಕಿತು, ಕುರ್ಲಾದ ಕ್ರಾಂತಿನಗರದ ನಿವಾಸಿಗಳು ಗಂಟುಮೂಟೆ ಹೊತ್ತು ಮನೆ ಬಿಡಬೇಕಾಯಿತು ಎಂಬುದಕ್ಕೆ ನ್ಯಾಯಾಲಯದ ತೀರ್ಪು ಬೇಕಿಲ್ಲ.

ಥಾಮಸರಿಂದ ಕಲಿಯಬೇಕಾದದ್ದು ಇಲ್ಲಿ ಏನಿದೆ? ಅವರು ನೋಡಿದರು, ಅಳೆದರು, ಬರೆದಿಟ್ಟರು. ಯಾವ ಮೀನು ಯಾವ ತಿಂಗಳಲ್ಲಿ ಎಲ್ಲಿ ಮೊಟ್ಟೆಯಿಡುತ್ತದೆ, ಏನು ತಿನ್ನುತ್ತದೆ ಎಂಬುದನ್ನು ಕಚೇರಿಯ ಕಡತದಿಂದಲ್ಲ, ಮೊಣಕಾಲುದ್ದ ನೀರಿನಲ್ಲಿ ನಿಂತು ತಿಳಿದರು. ಬರೆದಿಡುವ ಈ ಅಭ್ಯಾಸ ಗಾಳಗಾರರಲ್ಲಿ ಉಳಿದದ್ದರಿಂದ ಆದ ಉಪಕಾರವೊಂದನ್ನು ಹೇಳಬೇಕು. ಲೋಣಾವಳೆಯ ಟಾಟಾ ಮೀನು ಕೇಂದ್ರದವರು ೧೯೭೦ರ ದಶಕದಿಂದ ನೀಲಿ ರೆಕ್ಕೆಯ ಮಾಹ್ಸೀರ್ ಮರಿಗಳನ್ನು ಬೆಳೆಸಿ ಊರೂರಿಗೆ ಹಂಚಿದರು. ಉದ್ದೇಶ ಒಳ್ಳೆಯದೇ. ಆ ಮರಿಗಳು ಕಾವೇರಿಗೂ ಹೋದವು. ಕಾವೇರಿಯ ದಂಡೆಯ ಗಾಳಗಾರರ ಶಿಬಿರವೊಂದರಲ್ಲಿ ೧೯೯೮ರಿಂದ ೨೦೧೨ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ತೆಗೆದು ನೋಡಿದರೆ, ಹೊಸಬನ ಸಂಖ್ಯೆ ಏರುತ್ತ, ಕಾವೇರಿಯ ಸ್ವಂತ ಮಗಳಾದ ಗೂನು ಬೆನ್ನಿನ ಮಾಹ್ಸೀರ್ ಕಾಣೆಯಾಗುತ್ತ ಬಂದದ್ದು ಸ್ಪಷ್ಟವಾಯಿತು. ೨೦೧೮ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಉದ್ದೇಶ ಒಳ್ಳೆಯದಾದರೂ ಮೀನು ಸಾಯುತ್ತದೆ, ಉದ್ದೇಶವೇ ಇಲ್ಲದಿದ್ದರೂ ಮೀನು ಸಾಯುತ್ತದೆ. ಲೆಕ್ಕ ಇಟ್ಟವನಿದ್ದರೆ ಮಾತ್ರ ಅದು ತಿಳಿಯುತ್ತದೆ.

ಮೀಠಿಯ ಲೆಕ್ಕ ಇಟ್ಟವರು ಯಾರು? ಮಾಹಿಮ್, ಧಾರಾವಿಗಳ ಕೋಳಿಗಳನ್ನು ಕೇಳಿದರೆ ಅಜ್ಜಂದಿರು ಇದರ ಬಾಯಲ್ಲಿ ಏನೇನು ಹಿಡಿಯುತ್ತಿದ್ದರೆಂದು ಇನ್ನೂ ಹೇಳಿಯಾರು. ನಮ್ಮ ಮೊಗವೀರ ಬಂಧುಗಳು ಈ ನಗರದಲ್ಲಿ ೧೯೦೨ರಲ್ಲೇ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದವರು. ಮೀನಿನ ವಿಚಾರದಲ್ಲಿ ಅವರಿಗಿಂತ ಬಲ್ಲವರು ಯಾರು? ಇವರಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ಕೆಲಸವನ್ನು ಯಾವ ಕನ್ನಡ ಸಂಘ ಮಾಡಿದೆ? ಎತ್ತಿನಹೊಳೆಯ ತಿರುವಿನಿಂದ ನೇತ್ರಾವತಿಗೆ ಅನ್ಯಾಯವಾಯಿತೆಂದು ಇಲ್ಲಿ ಸಭೆ ಸೇರಿಸಿ ಠರಾವು ಮಾಡುವವರ ಸಿಟ್ಟು ನ್ಯಾಯವಾದದ್ದು, ಅದರಲ್ಲಿ ನಾವೂ ಪಾಲುದಾರರು. ಆದರೆ ಆ ಸಭಾಗೃಹದ ಹಿಂದೆಯೇ ಹರಿಯುವ ಮೀಠಿಯ ಬಗ್ಗೆ ಠರಾವಿಲ್ಲ. ಕಾರಣ ಕೇಳಿದರೆ, ಇದು ನಮ್ಮ ಹೊಳೆಯಲ್ಲವಂತೆ! ಮೂರು ತಲೆಮಾರು ಇಲ್ಲಿ ಅನ್ನ ತಿಂದು, ಇಲ್ಲಿಯೇ ಮನೆ ಕೊಂಡು, ಇಲ್ಲಿಯ ನೆರೆಯಲ್ಲಿ ಪಾತ್ರೆಪಗಡ ಕಳೆದುಕೊಂಡವರಿಗೆ ಇದು ಪರರ ಹೊಳೆಯೇ? ಥಾಮಸರಿಗೆ ನೇತ್ರಾವತಿ ಯಾವ ತವರಿನ ಹೊಳೆಯಾಗಿತ್ತು?

ಆದ್ದರಿಂದ ನಮ್ಮ ಬೇಡಿಕೆಗಳನ್ನು ನೇರವಾಗಿ ಮುಂದಿಡುತ್ತೇವೆ. ಕುರ್ಲಾದ ಪಕ್ಕದಲ್ಲೇ, ಕಲೀನಾದಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಥಾಮಸರ ಪುಸ್ತಕಕ್ಕೆ ಈಗ ಯಾರ ಹಕ್ಕುಸ್ವಾಮ್ಯವೂ ಇಲ್ಲ. ನಮ್ಮ ಹೊಳೆಗಳ ಮೀನುಗಳಿಗೆ ಸಂಬಂಧಿಸಿದ ಅದರ ಅಧ್ಯಾಯಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಯಾರಾದರೂ ವಿದ್ಯಾರ್ಥಿ ಕೈಗೊಂಡರೆ ಮುದ್ರಣದ ಖರ್ಚಿಗೆ ನಗರದ ಸಂಘಗಳು ಕೂಡಿ ವಂತಿಗೆ ಎತ್ತಬೇಕು. ಒಂದು ವಾರ್ಷಿಕೋತ್ಸವದ ಹಾರ-ತುರಾಯಿಗಳ ಖರ್ಚಿನಲ್ಲಿ ಇದು ಆದೀತು. ಎರಡನೆಯದಾಗಿ, ಮಳೆಗಾಲಕ್ಕೆ ಮುಂಚೆ ಮೀಠಿಯ ಹೂಳೆತ್ತುವ ಕೆಲಸ ಎಲ್ಲಿ, ಎಷ್ಟು ನಡೆಯಿತು, ಕುರ್ಲಾ ಭಾಗದ ಎಷ್ಟು ಮೋರಿಗಳು ಇನ್ನೂ ನೇರವಾಗಿ ನದಿಗೆ ಬೀಳುತ್ತಿವೆ ಎಂಬ ಲೆಕ್ಕವನ್ನು ಮಾಹಿತಿ ಹಕ್ಕಿನ ಕಾಯಿದೆಯಂತೆ ನಗರಪಾಲಿಕೆಯಿಂದ ಕೇಳಿ ಪಡೆಯಬೇಕು. ಅರ್ಜಿಗೆ ಹತ್ತು ರೂಪಾಯಿ. ಮರಾಠಿ ಬಲ್ಲ ನಮ್ಮ ತರುಣರಿಗೆ ಇದು ಅರ್ಧ ಗಂಟೆಯ ಕೆಲಸ. ಮರಾಠಿ, ಉರ್ದು, ಗುಜರಾತಿ ನೆರೆಯವರ ಸಹಿಯೂ ಅದರ ಮೇಲಿರಲಿ. ನೆರೆನೀರು ಮನೆಗೆ ನುಗ್ಗುವಾಗ ಮಾತೃಭಾಷೆ ಕೇಳುವುದಿಲ್ಲ.

ಮೂರನೆಯದು ನಮ್ಮ ಹಿರಿಯ ಓದುಗರಿಗೆ. ಬಂಟ್ವಾಳ, ಬೆಳ್ತಂಗಡಿ, ಕಾರ್ಕಳ, ಸುಳ್ಯ, ಕಾಸರಗೋಡುಗಳ ಹೊಳೆದಂಡೆಯಲ್ಲಿ ಹುಟ್ಟಿ ಈಗ ಕುರ್ಲಾ, ಚೆಂಬೂರು, ಘಾಟಕೋಪರಗಳಲ್ಲಿ ನೆಲೆಸಿರುವವರು ಬಾಲ್ಯದಲ್ಲಿ ಹೊಳೆಯಲ್ಲಿ ಕಂಡ ಮೀನುಗಳ ತುಳು, ಕನ್ನಡ, ಕೊಂಕಣಿ, ಮಲೆಯಾಳ ಹೆಸರುಗಳನ್ನು ಜ್ಞಾಪಿಸಿಕೊಂಡು ಬರೆದು ಕಳುಹಿಸಬೇಕು. ಮುಗುಡು, ಬಾಳೆಮೀನು ಎಂದು ಎರಡು ಹೆಸರು ಹೇಳಿ ನಿಲ್ಲಿಸಬೇಡಿ. ಮೀನಿನ ಬಣ್ಣ, ಗಾತ್ರ, ಹೊಳೆಯ ಹೆಸರು, ಕಂಡ ವರ್ಷ ಇಷ್ಟನ್ನೂ ಕಾಣಿಸಿ. ಈಗ ಊರಿಗೆ ಹೋದಾಗ ಅದೇ ಮಡುವಿನಲ್ಲಿ ಆ ಮೀನು ಇದೆಯೋ ಇಲ್ಲವೋ ಎಂಬುದನ್ನೂ ತಪ್ಪದೆ ಬರೆಯಿರಿ. ಬಂದ ಪತ್ರಗಳನ್ನು ಹೊಳೆವಾರು ವಿಂಗಡಿಸಿ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.